ಶ್ರೀರಂಗಪಟ್ಟಣದ ಅರಸುಮನೆತನ ಮತ್ತು ಲಂಡನ್ನಿನ ಒಂದು ವಾದ್ಯಮೇಳ

ಕ್ರಿ.ಶ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡು ಅದೇ ವರ್ಷ ಅಲ್ಲಿ ನವರಾತ್ರಿ ಉತ್ಸವವನ್ನು ಆರಂಭಿಸಿದರೆಂಬುದು ಇತಿಹಾಸಪ್ರಸಿದ್ಧವಾದ ಸಂಗತಿ. ಅಂದಿನ ಉತ್ಸವಗಳ ವೈಭವವನ್ನು ಗೋವಿಂದವೈದ್ಯನು 1648ರ ‘ಕಂಠೀರವ ನರಸರಾಜ ವಿಜಯ’ದಲ್ಲಿ ಮನದಣಿಯೆ ಬಣ್ಣಿಸಿದ್ದಾನೆ. ಆ ಸೀಮೆಗೆ ವಾದ್ಯಮೇಳವು ಒಡೆಯರ ಕಾಲದಲ್ಲಿ ಬಂದುದೇನೂ ಅಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲದ ಭಿತ್ತಿಗಳಲ್ಲಿ 13ನೆಯ ಶತಮಾನದ ಶಿಲ್ಪಿಗಳು ವಾದಕರನ್ನೂ ನರ್ತಕಿಯರನ್ನೂ ಕಂಡರಿಸಿದ್ದಾರೆ. ನಾಗಮಂಗಲದ ಕಡೆಯ ಆದಿಚುಂಚನಗಿರಿಯ ಜೋಗಿಗಳು ಕಿನ್ನರಿ ನುಡಿಸುತ್ತ ಊರೂರು ತಿರುಗಿದವರು.

ಈ ಸೀಮೆಯಿಂದ ಕಡಲಾಚೆಗೆ ಹೋದ ವಾದ್ಯಗಳಲ್ಲಿ ಪ್ರಖ್ಯಾತವಾದುದು ಗಾಯಕರೊಡನೆ ಹೋದುದಲ್ಲ, ಕೊಳ್ಳೆಯ ಪದಾರ್ಥವಾಗಿ ಹೋದುದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪುವಿನ ಅರಮನೆಯಲ್ಲಿ ಆಂಗ್ಲರಿಗೆ ಮರದ ಹುಲಿಯೊಂದು ದೊರಕಿತು. ಬಿಳಿಯನೊಬ್ಬನ ಮೇಲೆರಗಿದ ಆ ಹುಲಿಯ ಹಿಡಿಕೆಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳುತ್ತವೆ. ಹೊಟ್ಟೆಯೊಳಗೆ ದಂತದ ಗುಂಡಿಗಳುಳ್ಳ ಸಣ್ಣದೊಂದು ಆರ್ಗನ್ ಇದೆ. 1808ರಿಂದ ಅದು ಲಂಡನ್ನಿನ ಕಂಪೆನಿ ಭವನದಲ್ಲಿ ಪ್ರದರ್ಶಿತವಾಗಿ, 1880ರಲ್ಲಿ ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು. ಟಿಪ್ಪುವಿನ ಪಕ್ಷದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದುದನ್ನು ನೆನೆದರೆ, ನಮ್ಮವರ ಕಿವಿಗೆ ಪಾಶ್ಚಾತ್ಯ ವಾದ್ಯದ ಧ್ವನಿ ಮೊದಲು ಬಿದ್ದುದು ಸಭೆಯಿಂದಲ್ಲ, ಸೇನೆಯಿಂದ ಎಂದು ಊಹಿಸಬಹುದು.

ಸುಮಾರು ಒಂದೂವರೆ ಶತಮಾನದ ಬಳಿಕ ಅದೇ ಲಂಡನ್ನಿಗೆ ಒಡೆಯರ ಮನೆತನದಿಂದ ಇನ್ನೊಂದು ರೀತಿಯ ಸಂಪತ್ತು ಹೋಯಿತು. ಈ ಬಾರಿ ಅದು ಸ್ವಇಚ್ಛೆಯ ಕೊಡುಗೆ. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು (1919–1974) ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಮಗೆಲ್ಲ ಪರಿಚಿತರು. ಅವರು ಪಿಯಾನೊ ವಾದನದಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತರಚನಕಾರ ನಿಕೊಲಾಯ್ ಮೆಟ್ನರ್ ವೃದ್ಧಾಪ್ಯದಲ್ಲಿ ಎಲ್ಲರಿಂದ ಮರೆಯಾಗಿದ್ದಾಗ, ಆತನ ರಚನೆಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಅಳವಡಿಸುವ ವೆಚ್ಚವನ್ನು ವಹಿಸಿಕೊಂಡವರು ಮೈಸೂರಿನ ಈ ಅರಸರೇ. ಮೆಟ್ನರನ ಮೂರನೆಯ ಪಿಯಾನೊ ಕಾನ್ಚೆರ್ಟೊ ಅವರಿಗೆ ಅರ್ಪಿತವಾಗಿದೆ.

ಆ ಧ್ವನಿಮುದ್ರಣದಲ್ಲಿ ನುಡಿಸಿದ ಮೇಳವೇ ಫಿಲ್ಹಾರ್ಮೋನಿಯಾ ವಾದ್ಯವೃಂದ. 1945ರಲ್ಲಿ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕ ಅದನ್ನು ಕಟ್ಟಿದ. ಅದಕ್ಕೆ ಸರಕಾರದ ಆಶ್ರಯವಿರಲಿಲ್ಲ. ಧ್ವನಿಮುದ್ರಣದ ಸಂಭಾವನೆಯೇ ಅದರ ಮುಖ್ಯ ಆಧಾರ. ಸ್ಟುಡಿಯೋದಲ್ಲಿ ಎಷ್ಟು ಚೆನ್ನಾಗಿ ನುಡಿಸಿದರೂ, ಜನರೆದುರು ಕಛೇರಿ ನಡೆಸಬೇಕಾದರೆ ಸಭಾಂಗಣದ ಬಾಡಿಗೆ, ಅಭ್ಯಾಸದ ದಿನಗಳ ಕೂಲಿ, ಅತಿಥಿ ಕಲಾವಿದರ ಸಂಭಾವನೆ ಎಲ್ಲವೂ ಬೇರೆಯಾಗಿಯೇ ಹುಟ್ಟಬೇಕು. 1948ರಲ್ಲಿ ಜಯಚಾಮರಾಜ ಒಡೆಯರು ಫಿಲ್ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ವರ್ಷಕ್ಕೆ 10,000 ಪೌಂಡಿನಂತೆ 3 ವರ್ಷ ನೆರವು ನೀಡಲು ಅವರು ಒಪ್ಪಿದರೆಂದು ಲೆಗ್ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ.

ಈ ನೆರವಿನ ಫಲಗಳಲ್ಲಿ ಒಂದನ್ನು ಹೇಳಲೇಬೇಕು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1949ರಲ್ಲಿ ತೀರಿಕೊಂಡಾಗ ಆತನ ಕೊನೆಯ ನಾಲ್ಕು ಗೀತೆಗಳು ಸಭೆಯನ್ನು ಕಂಡಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಈ ಮೇಳ ನುಡಿಸಿತು, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದಳು. ಖರ್ಚಿನ ಹೊಣೆಯನ್ನು ಮೈಸೂರಿನ ಮಹಾರಾಜರು ಹೊತ್ತಿದ್ದರು. ಸ್ವತಃ ಹೋಗಲಾಗದ ಅವರಿಗಾಗಿ ಗಾಯನವನ್ನು ಧ್ವನಿಮುದ್ರಿಸುವ ಏರ್ಪಾಡೂ ಆಗಿತ್ತು. ಸಾವನ್ನು ಕುರಿತ ಆ ಗೀತೆಗಳ ಮೊದಲ ಗಾಯನಕ್ಕೆ ಕಾವೇರಿ ತೀರದ ದ್ರವ್ಯ ಒದಗಿತೆಂಬುದು ಸ್ವಾರಸ್ಯದ ಮಾತಲ್ಲವೆ?

ಹೀಗೆ ಸಭೆಯಲ್ಲಿ ಹೆಸರು ಮಾಡಿದ ಮೇಳ 1952ರಲ್ಲಿ ಹೆರ್ಬರ್ಟ್ ಫಾನ್ ಕಾರಾಯಾನನ ನಿರ್ದೇಶನದಲ್ಲಿ ಮೊದಲ ಬಾರಿಗೆ ಯೂರೋಪಿನ ಪ್ರವಾಸ ಕೈಗೊಂಡಿತು. ಹುಟ್ಟಿ ಏಳು ವರ್ಷವಾಗಿದ್ದ ಮೇಳವೊಂದು ಶತಮಾನಗಳ ಸಂಗೀತ ಪರಂಪರೆಯ ನಗರಗಳ ರಸಿಕರೆದುರು ಕುಳಿತು ನುಡಿಸುವುದು ಸಾಮಾನ್ಯ ಧೈರ್ಯವಲ್ಲ. ಅದೇ ವರ್ಷದ ಶರತ್ಕಾಲದಲ್ಲಿ ಇಟಲಿಯ ಮಹಾನಿರ್ದೇಶಕ ತೊಸ್ಕನೀನಿ ಲಂಡನ್ನಿಗೆ ಬಂದು ಇದೇ ಮೇಳದಿಂದ ಬ್ರಾಮ್ಸ್‌ನ ನಾಲ್ಕು ಸಿಂಫನಿಗಳನ್ನೂ ನುಡಿಸಿದನು. 1955ರಲ್ಲಿ ಮೇಳವು ಅಮೆರಿಕಕ್ಕೆ ಹೋಯಿತು. ಈ ಪ್ರವಾಸಗಳ ಟಿಕೆಟ್ಟಿನ ಹಣವನ್ನೇ ಮೈಸೂರು ಕೊಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಸ್ಟುಡಿಯೋದ ಗೋಡೆಯೊಳಗಿದ್ದ ಮೇಳವನ್ನು ಕಛೇರಿಯ ಮೇಳವನ್ನಾಗಿ ಮಾಡಿದ ಆ ಮೂರು ವರ್ಷಗಳ ಆಸರೆ ಇಲ್ಲದಿದ್ದರೆ ಪ್ರವಾಸದ ಮಾತೇ ಏಳುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ಆಕ್ಷೇಪವುಂಟು. ಕನ್ನಂಬಾಡಿಯ ನೀರುಣ್ಣುವ ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಯವನೂ ಮಳೆಯನ್ನೇ ನಂಬಿದ ನಾಗಮಂಗಲದ ಹೊಲದವನೂ ತೆತ್ತ ಕಂದಾಯದಿಂದ ಬೆಳೆದ ಸಿರಿಯಲ್ಲವೆ ಅರಮನೆಯದು? ಅದು ಪರದೇಶದ ಪಿಟೀಲುಗಾರರಿಗೇಕೆ? ಪ್ರಶ್ನೆ ನ್ಯಾಯವಾದುದೇ. ಲೆಕ್ಕ ಹಾಕಿ ನೋಡೋಣ. ಪೌಂಡಿಗೆ ಆಗ 13 ರೂಪಾಯಿಗೆ ಮಿಗಿಲಾದ ಬೆಲೆ. 30,000 ಪೌಂಡೆಂದರೆ ಸುಮಾರು 4 ಲಕ್ಷ ರೂಪಾಯಿ. 1947ರ ಅಕ್ಟೋಬರಿನಲ್ಲಿಯೇ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಬಂದಿದ್ದುದರಿಂದ ರಾಜ್ಯದ ಬೊಕ್ಕಸವೇ ಬೇರೆ, ಅರಮನೆಯ ಕೈಚೀಲವೇ ಬೇರೆಯಾಗಿತ್ತು. ಮುಂದೆ ಮಹಾರಾಜರಿಗೆ ಗೊತ್ತಾದ ರಾಜಧನ ವರ್ಷಕ್ಕೆ 26 ಲಕ್ಷ. ಅದಕ್ಕೆ ಹೋಲಿಸಿದರೆ ಈ ಕೊಡುಗೆ ವರ್ಷಕ್ಕೆ ಇಪ್ಪತ್ತರಲ್ಲೊಂದು ಪಾಲು. ಆದರೂ ನೋವಿನ ಸಂಗತಿಯೊಂದಿದೆ. ಮೈಸೂರಿನ ಆಸ್ಥಾನವಿದ್ವಾನ್ ವಾಸುದೇವಾಚಾರ್ಯರು 1950ರ ದಶಕದಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಮದರಾಸಿನ ಕಲಾಕ್ಷೇತ್ರವನ್ನು ಸೇರಿದರು. ಕಡಲಾಚೆಯ ಮೇಳಕ್ಕೆ ಬೇರೂರಲು ನೆರವಾದ ಅರಮನೆಯ ಆಸ್ಥಾನದ ಹಿರಿಯ ಜೀವ ಊರು ಬಿಟ್ಟು ಹೊರಟಿತು. ಇದು ಮಹಾರಾಜರ ತಪ್ಪೆನ್ನಲಾರೆ, ರಾಜತ್ವವೇ ಕರಗುತ್ತಿದ್ದ ಕಾಲವದು. ಲಂಡನ್ನಿನ ಸಂಗೀತದ ಇತಿಹಾಸಕಾರರು ಅವರ ಹೆಸರನ್ನು ಬರೆದಿಟ್ಟಿದ್ದಾರೆ. ನಮ್ಮ ಪುಸ್ತಕಗಳಲ್ಲಿ ಈ ಪ್ರಸಂಗ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದೇ ಹೆಚ್ಚು.

1964ರ ಮಾರ್ಚಿನಲ್ಲಿ ಲೆಗ್ ಮೇಳವನ್ನು ನಿಲ್ಲಿಸುವುದಾಗಿ ಪ್ರಕಟಿಸಿದ. ವಾದಕರು ಒಪ್ಪಲಿಲ್ಲ. ತಾವೇ ಆಡಳಿತ ವಹಿಸಿಕೊಂಡು ‘ನ್ಯೂ ಫಿಲ್ಹಾರ್ಮೋನಿಯಾ’ ಎಂದು ಹೆಸರಿಟ್ಟುಕೊಂಡರು. 1977ರಲ್ಲಿ ಹಳೆಯ ಹೆಸರನ್ನೇ ಮರಳಿ ಪಡೆದರು. 1964ರಲ್ಲಿ ಆ ವಾದಕರು ಬೀದಿಗೆ ಬೀಳದಂತೆ ಪರದಾಡುತ್ತಿದ್ದಾಗ, ಅವರ ಮೊದಲ ಅಧ್ಯಕ್ಷರು ಮದರಾಸಿನ ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಳ್ಳುತ್ತಿದ್ದರು.