ಭೂಮಧ್ಯರೇಖೆಯ ಆಚೆ ತುದಿಯ ಚುಕ್ಕೆ



ನೈರೋಬಿಯಿಂದ ಉತ್ತರಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ಹೋದರೆ ನಾನ್ಯುಕಿ ಊರು. ಅಲ್ಲಿನ ಭೂಮಧ್ಯರೇಖೆಯ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡಿಗರು ಕೀನ್ಯಾದಲ್ಲಿ ಇರಲಿಕ್ಕಿಲ್ಲ. ತೂತಿನ ಬೋಗುಣಿಗೆ ನೀರು ಹಾಕಿ, ಗೆರೆಯ ಈಚೆ ಒಂದು ಸುತ್ತು, ಆಚೆ ಇನ್ನೊಂದು ಸುತ್ತು ತಿರುಗಿಸಿ ತೋರಿಸುವ ಹುಡುಗರನ್ನೂ ನೀವು ನೋಡಿರುತ್ತೀರಿ. ಅದು ಕೈಚಳಕವೇ ಹೊರತು ವಿಜ್ಞಾನವಲ್ಲ, ಇರಲಿ. ಅದೇ ಗೆರೆಯನ್ನು ಹಿಡಿದು ಪೂರ್ವಕ್ಕೆ ಹೊರಟರೆ ಸೊಮಾಲಿಯದ ಕರಾವಳಿ ದಾಟಿ, ಮಾಲ್ಡೀವ್ಸ್‌ನ ದಕ್ಷಿಣ ತುದಿಯ ಹವಳದ್ವೀಪಗಳ ನಡುವೆ ನುಸುಳಿ, ಸುಮಾತ್ರ, ಬೋರ್ನಿಯೊ, ಸುಲಾವೆಸಿ ಮುಗಿಸಿ ಪೆಸಿಫಿಕ್ ಸಾಗರಕ್ಕೆ ಇಳಿಯುತ್ತೇವೆ. ಆಮೇಲೆ ನೀರು, ನೀರು, ಬರೀ ನೀರು. ದಿನಾಂಕ ಬದಲಾಗುವ ರೇಖೆಯನ್ನೂ ದಾಟಿದ ಮೇಲೆ, ಗೆರೆಯಿಂದ ತೊಂಬತ್ತು ಕಿಲೋಮೀಟರಿನಷ್ಟು ಉತ್ತರಕ್ಕೆ ಒಂದು ಚುಕ್ಕೆ ಸಿಗುತ್ತದೆ. ಉದ್ದ ಎರಡೂವರೆ ಕಿಲೋಮೀಟರಿನ ಆಸುಪಾಸು, ಅಗಲ ಒಂದು ಕಿಲೋಮೀಟರಿಗಿಂತ ಕಡಿಮೆ. ಎತ್ತರ ಎಷ್ಟೆಂದರೆ ನಮ್ಮೂರಿನ ತೆಂಗಿನಮರದ ಅರ್ಧಕ್ಕೂ ಬರುವುದಿಲ್ಲ. ಅದರ ಹೆಸರು ಹೌಲ್ಯಾಂಡ್.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸದವರಿಗೆ ಈ ಚುಕ್ಕೆ ಒಂದು ತೀರ್ಥಕ್ಷೇತ್ರವಿದ್ದಂತೆ. ಈ ಆಟದ ಹುಚ್ಚು ನನಗೂ ಇದೆ. ಮಳೆಗಾಲದ ಸಂಜೆ ವೈಯಾಕಿ ವೇ ರಸ್ತೆಯ ವಾಹನಗಳ ಸಾಲು ಕರಗುವುದಕ್ಕೆ ಮುಂಚೆ ಪೆಸಿಫಿಕ್‌ನ ಎರಡು ದ್ವೀಪ ಮುಟ್ಟಿ ಬರಬಹುದು. ಆದರೆ ಈ ಆಟಕ್ಕೊಂದು ಇತಿಹಾಸವಿದೆ. ಆ ಚುಕ್ಕೆಗೂ ಒಂದು ಇತಿಹಾಸವಿದೆ. ಎರಡೂ ಬೆಳೆದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಅಚ್ಚರಿಯೆಂದರೆ ಎರಡರ ಎಳೆಗಳೂ ನಾವು ಇರುವ ನೈರೋಬಿಯ ಮೇಲೂ, ನಾವು ಬಿಟ್ಟು ಬಂದ ಬೆಂಗಳೂರಿನ ಮೇಲೂ ಹಾದುಹೋಗುತ್ತವೆ.

ಮೊದಲು ಆಟದ ಕಥೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನಿದ್ದ. ತಂದೆಯದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಂತೆ ಆರ್ಗನ್ ಕೂಡ ತಿದಿಯ ಗಾಳಿಯಿಂದ ನುಡಿಯುವ ವಾದ್ಯ. ವಿಮಾನ ಕಲಿಯಲು ಹಣ ಸುರಿದು ಬೇಸತ್ತಿದ್ದ ಲಿಂಕ್ ಆ ತಿದಿಗಳನ್ನೇ ಒಂದು ಪುಟ್ಟ ಮರದ ವಿಮಾನದ ಕೆಳಗೆ ಜೋಡಿಸಿದ. ಒಳಗೆ ಕೂತವನು ಕೋಲು ಎಳೆದಂತೆ ಗಾಳಿ ತುಂಬಿ, ಖಾಲಿಯಾಗಿ, ಪೆಟ್ಟಿಗೆ ವಾಲಾಡುತ್ತಿತ್ತು. ಇದು 1929ರ ಮಾತು. ಪೈಲಟ್ ಶಾಲೆಗಳು ಆಸಕ್ತಿ ತೋರಲಿಲ್ಲ. ಅದು ಮೊದಲು ಮಾರಾಟವಾದದ್ದು ಮನರಂಜನಾ ಪಾರ್ಕುಗಳಿಗೆ. 1934ರಲ್ಲಿ ಅಮೆರಿಕದ ಸೈನ್ಯ ವಿಮಾನದ ಅಂಚೆಯನ್ನು ತಾನೇ ಹೊರಲು ಹೋಗಿ, ಮೋಡದಲ್ಲಿ ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ ತರುಣರು ಒಬ್ಬರ ಹಿಂದೊಬ್ಬರು ಸತ್ತರು. ಆಗ ಕಣ್ಣು ತೆರೆಯಿತು. ಸೈನ್ಯ ಆರು ಲಿಂಕ್ ಯಂತ್ರಗಳನ್ನು ಕೊಂಡಿತು. ಜಾತ್ರೆಯ ಆಟಿಕೆ ಹಾಗೆ ಗುರುವಾಯಿತು.

ಅದು ಮನೆಯ ಮೇಜಿನ ಮೇಲೆ ಬರಲು ಇನ್ನೂ ನಲವತ್ತೈದು ವರ್ಷ ಬೇಕಾಯಿತು. 1979ರ ಸುಮಾರಿಗೆ ಬ್ರೂಸ್ ಆರ್ಟ್‌ವಿಕ್ ಎಂಬಾತ ಆಪಲ್ ಕಂಪ್ಯೂಟರಿಗಾಗಿ ಗೆರೆಗಳಿಂದಲೇ ಬರೆದ ಒಂದು ಆಕಾಶವನ್ನು ಸೃಷ್ಟಿಸಿದ. 1982ರಲ್ಲಿ ಅದರ ಮುಂದಿನ ರೂಪವನ್ನು ಮೈಕ್ರೋಸಾಫ್ಟ್ ತನ್ನ ಹೆಸರಿನಲ್ಲಿ ಹೊರತಂದಿತು. 2003ರಲ್ಲಿ, ರೈಟ್ ಸಹೋದರರ ಹಾರಾಟಕ್ಕೆ ನೂರು ತುಂಬಿದ ವರ್ಷ, ಹಳೆಯ ಕಾಲದ ವಿಮಾನಗಳನ್ನು ಸೇರಿಸಿದ ಆವೃತ್ತಿ ಬಂತು. ಅದರಲ್ಲಿ ಕೆಂಪು ಬಣ್ಣದ, ಎರಡು ಎಂಜಿನ್ನಿನ ಡಿ ಹ್ಯಾವಿಲೆಂಡ್ ಕಾಮೆಟ್ ಇತ್ತು. 1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನಿಗೆ ನಡೆದ ಪಂದ್ಯವನ್ನು ಆ ವಿಮಾನ ಗೆದ್ದಿತು. ದಾರಿಯಲ್ಲಿ ನಮ್ಮ ಅಲಹಾಬಾದಿನಲ್ಲಿ ಇಳಿದಿತ್ತು. ಹಾರಿಸಿದ ಇಬ್ಬರಲ್ಲಿ ಒಬ್ಬ ಟಾಮ್ ಕ್ಯಾಂಪ್‌ಬೆಲ್ ಬ್ಲ್ಯಾಕ್. ಈತ ನೈರೋಬಿಯ ಮನುಷ್ಯ. 1929ರಲ್ಲಿ ಫ್ಲಾರೆನ್ಸ್ ವಿಲ್ಸನ್ ಎಂಬ ಮಹಿಳೆ ಇಲ್ಲಿ ವಿಲ್ಸನ್ ಏರ್‌ವೇಸ್ ಕಟ್ಟಿದಾಗ ಜೊತೆಗೆ ನಿಂತವನು ಈತನೇ. ಬೆರಿಲ್ ಮಾರ್ಕಮ್‌ಗೆ ವಿಮಾನ ಹಾರಿಸಲು ಕಲಿಸಿದವನೂ ಈತನೇ. ಆ ಕಂಪನಿಯ ಮೊದಲ ವಿಮಾನ ಒಂದು ಜಿಪ್ಸಿ ಮಾತ್. ಬಟ್ಟೆ ಹೊದಿಸಿದ, ಎರಡು ಜೊತೆ ರೆಕ್ಕೆಯ, ತೆರೆದ ವಿಮಾನ. ಮಾರಾಕ್ಕೆ, ಲಾಮುವಿಗೆ ಹೋಗಲು ನಾವು ಇಂದು ಹತ್ತುವ ವಿಲ್ಸನ್ ವಿಮಾನ ನಿಲ್ದಾಣಕ್ಕೆ 1962ರಲ್ಲಿ ಆಕೆಯ ಹೆಸರಿಟ್ಟರು.

ಅದೇ ಜಿಪ್ಸಿ ಮಾತ್ ಜಾತಿಯ ವಿಮಾನದಲ್ಲಿ 1931ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬನೇ ಹೊರಟ. ಒಂದೇ ನೆಗೆತಕ್ಕೆ ಆಗುವಷ್ಟು ಪೆಟ್ರೋಲು ಹಿಡಿಸುವುದಿಲ್ಲ. ನಡುವೆ ನಾರ್ಫೋಕ್ ಮತ್ತು ಲಾರ್ಡ್ ಹೋವ್ ಎಂಬ ಎರಡು ಸಣ್ಣ ದ್ವೀಪಗಳನ್ನು ಹುಡುಕಿ ಇಳಿಯಲೇಬೇಕು. ದಾರಿ ತೋರಿಸುವ ರೇಡಿಯೊ ಇಲ್ಲ. ಗಾಳಿ ಎಷ್ಟು ತಳ್ಳಿದೆ ಎಂದು ಖಚಿತವಾಗಿ ಹೇಳುವವರಿಲ್ಲ. ಆತನ ಉಪಾಯ ಸರಳವಾಗಿತ್ತು: ದ್ವೀಪದ ಕಡೆ ನೇರವಾಗಿ ಹೋಗಲೇ ಇಲ್ಲ. ನೇರ ಹೋಗಿ ದ್ವೀಪ ಕಾಣದಿದ್ದರೆ ಅದು ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲ. ಬೇಕೆಂದೇ ಬಹಳ ಒಂದು ಪಕ್ಕಕ್ಕೆ ಹೋದರೆ, ಸೂರ್ಯನ ಎತ್ತರ ಅಳೆದು 'ಇಷ್ಟು ದೂರ ಬಂದೆ' ಎಂದು ತಿಳಿದ ಕ್ಷಣ ಯಾವ ಕಡೆ ತಿರುಗಬೇಕೆಂಬ ಅನುಮಾನವೇ ಉಳಿಯುವುದಿಲ್ಲ. ಹೀಗೆ ಅವನು ಎರಡು ದ್ವೀಪಗಳನ್ನೂ ಕಂಡುಕೊಂಡ. ಲಾರ್ಡ್ ಹೋವ್‌ನಲ್ಲಿ ರಾತ್ರಿಯ ಬಿರುಗಾಳಿ ನೀರಿನಲ್ಲಿ ನಿಂತಿದ್ದ ವಿಮಾನವನ್ನು ಮಗುಚಿಹಾಕಿತು. ದ್ವೀಪದ ಜನ ಅದನ್ನು ಎಳೆದು ದಡಕ್ಕೆ ತಂದರು; ಅವರ ನೆರವಿನಿಂದ ಆತ ವಾರಗಟ್ಟಲೆ ಕೂತು ವಿಮಾನವನ್ನು ಮತ್ತೆ ಕಟ್ಟಿದ. ಚಿಚೆಸ್ಟರನ ಲೆಕ್ಕ ಅವನನ್ನು ದ್ವೀಪದವರೆಗೆ ತಂದಿತು. ಅಲ್ಲಿಂದ ಆಚೆ ದಾಟಿಸಿದವರು ದ್ವೀಪದವರು. ಈ ಮಾತು ನೆನಪಿರಲಿ.

ಈಗ ಹೌಲ್ಯಾಂಡ್. 1937ರಲ್ಲಿ ಅಮೇಲಿಯಾ ಇಯರ್‌ಹಾರ್ಟ್ ಭೂಮಿಯ ಸೊಂಟದ ಸುತ್ತ ಹಾರಲು ಹೊರಟಳು. ನಮ್ಮ ಕೀನ್ಯಾದ ಉತ್ತರದಲ್ಲಿ ಡಾಕರ್, ಗಾವೊ, ಖಾರ್ಟೂಮ್, ಮಸಾವಾ ಎಂದು ಆಫ್ರಿಕವನ್ನು ಅಡ್ಡ ಹಾಯ್ದಳು. ಕರಾಚಿ, ಕಲ್ಕತ್ತಾ, ರಂಗೂನ್, ಸಿಂಗಪುರ, ಡಾರ್ವಿನ್ ದಾಟಿ ಜೂನ್ ಕೊನೆಗೆ ನ್ಯೂಗಿನಿಯ ಲಾಯೆ ಮುಟ್ಟಿದಳು. ಜುಲೈ 2ರ ಬೆಳಿಗ್ಗೆ ಹತ್ತು ಗಂಟೆಗೆ, ನಾವಿಕ ಫ್ರೆಡ್ ನೂನನ್ ಜೊತೆ ಹೌಲ್ಯಾಂಡಿಗೆ ಹೊರಟಳು. ದೂರ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು. ರಾತ್ರಿಯಿಡೀ ಹಾರಿ ದಿನಾಂಕರೇಖೆ ದಾಟಿದಾಗ ಅಲ್ಲಿ ಮತ್ತೆ ಜುಲೈ 2ರ ಬೆಳಗು. ದ್ವೀಪದ ಪಕ್ಕದಲ್ಲಿ ಇಟಾಸ್ಕಾ ಎಂಬ ಹಡಗು ಕಾಯುತ್ತಿತ್ತು. ಆಕೆಯ ದನಿ ಹಡಗಿಗೆ ಬರಬರುತ್ತ ಸ್ಪಷ್ಟವಾಯಿತು; ಹಡಗಿನವರ ಮಾತು ಆಕೆಗೆ ತಲುಪಲಿಲ್ಲ. ಒಮ್ಮೆ ಹಡಗಿನ ಸಂಕೇತ ಕೇಳಿತಾದರೂ ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಅವಳ ಉಪಕರಣ ಹೇಳಲಿಲ್ಲ. ನಿಮ್ಮ ಮೇಲೆಯೇ ಇರಬೇಕು, ಆದರೆ ಕಾಣುತ್ತಿಲ್ಲ, ಪೆಟ್ರೋಲು ಮುಗಿಯುತ್ತಿದೆ ಎಂಬರ್ಥದ ಮಾತು 7:42ಕ್ಕೆ ಬಂತು. 8:43ರ ಕೊನೆಯ ಸಂದೇಶದಲ್ಲಿ 157–337 ಎಂಬ ಗೆರೆಯ ಮೇಲೆ ಉತ್ತರ-ದಕ್ಷಿಣವಾಗಿ ಹಾರುತ್ತಿದ್ದೇವೆ ಎಂದಳು. ಸೂರ್ಯೋದಯದ ಹೊತ್ತಿನಲ್ಲಿ ಸೂರ್ಯನನ್ನು ಅಳೆದರೆ ಸಿಗುವುದು ಇಂಥ ಒಂದು ಗೆರೆ ಮಾತ್ರ. ನೀವು ಅದರ ಮೇಲಿದ್ದೀರಿ, ಸರಿ. ಅದರ ಯಾವ ಭಾಗದಲ್ಲಿ ಎಂಬುದನ್ನು ಗೆರೆ ಹೇಳುವುದಿಲ್ಲ. ಸಾಲದ್ದಕ್ಕೆ ಅಂದಿನ ನಕ್ಷೆಯಲ್ಲಿ ದ್ವೀಪದ ಜಾಗವೇ ಕೆಲವು ಮೈಲಿ ತಪ್ಪಾಗಿ ಗುರುತಾಗಿತ್ತು.

ಹುಡುಕಾಟಕ್ಕೆ ಯುದ್ಧನೌಕೆ, ವಿಮಾನವಾಹಕ ನೌಕೆ ಎಲ್ಲ ಬಂದವು. ಎರಡು ವಾರಕ್ಕೂ ಹೆಚ್ಚು ಹುಡುಕಿದರು. ಮೊದಲ ದಿನವೇ ಹವಾಯಿಯಿಂದ ಒಂದು ಹಾರುದೋಣಿ ಹೊರಟು ಕೆಟ್ಟ ಹವೆಗೆ ಹೆದರಿ ವಾಪಸಾಗಿತ್ತು. ಮುಂದೆ 'ಕ್ಯಾಟಲಿನಾ' ಎಂದು ಹೆಸರಾದ ಜಾತಿ ಅದು. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮಹಾಯುದ್ಧದ ಕಾಲದಲ್ಲಿ ಇದೇ ಕ್ಯಾಟಲಿನಾಗಳನ್ನು ದುರಸ್ತಿ ಮಾಡುತ್ತಿತ್ತು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ! ಇಂದು ನೊರೆಗೆ ಹೆಸರಾದ ಆ ಕೆರೆ ಒಂದು ಕಾಲಕ್ಕೆ ಸಾಗರದ ವಿಮಾನಗಳಿಗೆ ರನ್‌ವೇ ಆಗಿತ್ತು ಎಂದರೆ ಇಂದಿನ ಬೆಂಗಳೂರಿನ ಮಕ್ಕಳು ನಂಬುವುದು ಕಷ್ಟ.

ಇಯರ್‌ಹಾರ್ಟ್ ಏನಾದಳು ಎಂಬ ಬಗ್ಗೆ ಪುಸ್ತಕಗಳು ರಾಶಿ ಬಿದ್ದಿವೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಆಕೆ ಇಳಿಯಬೇಕಾಗಿದ್ದ ಆ ರನ್‌ವೇ ಅಲ್ಲಿಗೆ ಬಂದದ್ದು ಹೇಗೆ? ಆ ಬೆಳಿಗ್ಗೆ ನೆಲದ ಮೇಲೆ ನಿಂತು ಆಕಾಶ ನೋಡುತ್ತಿದ್ದವರು ಯಾರು?

1935ರಲ್ಲಿ ಅಮೆರಿಕ ಸರ್ಕಾರಕ್ಕೆ ಹವಾಯಿಗೂ ಆಸ್ಟ್ರೇಲಿಯಕ್ಕೂ ನಡುವಿನ ವಿಮಾನ ಮಾರ್ಗದಲ್ಲಿ ಕಾಲೂರಲು ನೆಲ ಬೇಕಿತ್ತು. ಹೌಲ್ಯಾಂಡ್, ಬೇಕರ್, ಜಾರ್ವಿಸ್ ದ್ವೀಪಗಳು ತನ್ನವು ಎನ್ನಲು ಅಲ್ಲಿ ಜನ ವಾಸವಾಗಿರಬೇಕಿತ್ತು. ಆಗ ಹೊನೊಲುಲುವಿನ ಕಮೆಹಮೆಹಾ ಶಾಲೆಯಲ್ಲಿ ಓದಿದ ಹವಾಯಿಯ ಮೂಲನಿವಾಸಿ ತರುಣರನ್ನು ಆರಿಸಿದರು. ಮೊದಲ ತಂಡವನ್ನು ಒಯ್ದು ಇಳಿಸಿದ್ದು ಇದೇ ಇಟಾಸ್ಕಾ ಹಡಗು. ದಿನಕ್ಕೆ ಮೂರು ಡಾಲರ್ ಸಂಬಳ. ಕುಡಿಯುವ ನೀರನ್ನೂ ಹಡಗಿನಲ್ಲೇ ತರಬೇಕು. ಕೆಲಸ, ಹವೆಯ ದಾಖಲೆ ಬರೆಯುವುದು, ಹಕ್ಕಿ-ಮೀನುಗಳ ಮಾದರಿ ಕೂಡಿಡುವುದು, ಮುಖ್ಯವಾಗಿ ಅಲ್ಲಿ ಇರುವುದು. 1935ರಿಂದ 1942ರವರೆಗೆ 130ಕ್ಕೂ ಹೆಚ್ಚು ತರುಣರು ಸರದಿಯ ಮೇಲೆ ಹೀಗೆ ಬಾಳಿದರು. 1937ರ ಆರಂಭದಲ್ಲಿ ಆ ಹವಳದ ನೆಲ ಸಮಮಾಡಿ ರನ್‌ವೇ ಮಾಡುವ ಕೆಲಸದಲ್ಲಿ ಇವರೂ ಕೈಗೂಡಿಸಿದರು. ಕಡಲಹಕ್ಕಿಗಳ ದಂಡು ವಿಮಾನಕ್ಕೆ ಅಡ್ಡ ಬರದಂತೆ ಓಡಿಸುವುದೂ ಒಂದು ಕೆಲಸ. ಅತಿಥಿಗೆಂದು ಕೋಣೆ, ಹಾಸಿಗೆ ಸಿದ್ಧಮಾಡಿದರು. ಆ ರನ್‌ವೇಗೆ ಕಮಕಾಇವಿ ಫೀಲ್ಡ್ ಎಂದು ಹೆಸರಾಯಿತು. ಅಲ್ಲಿ ಬಾಳಿ ದುಡಿದ ಜೇಮ್ಸ್ ಕಮಕಾಇವಿ ಎಂಬ ಹುಡುಗನ ಹೆಸರು ಅದು. ನೈರೋಬಿಯ ನಿಲ್ದಾಣಗಳಿಗೆ ಕಂಪನಿ ಕಟ್ಟಿದವಳ ಮತ್ತು ರಾಷ್ಟ್ರಪತಿಯ ಹೆಸರು, ಬೆಂಗಳೂರಿನದಕ್ಕೆ ಊರು ಕಟ್ಟಿದ ನಾಡಪ್ರಭುವಿನ ಹೆಸರು. ದುಡಿದವನ ಹೆಸರಿನ ವಿಮಾನ ನಿಲ್ದಾಣ ನಾನು ಬಲ್ಲಂತೆ ಬಲು ಅಪರೂಪ.

ಆ ಹಕ್ಕಿಗಳ ಬಗ್ಗೆ ಇನ್ನೊಂದು ಮಾತು. ಪೆಸಿಫಿಕ್‌ನ ಸಾಂಪ್ರದಾಯಿಕ ನಾವಿಕರಿಗೆ ದ್ವೀಪ ಎಂದೂ ಬರೀ ಚುಕ್ಕೆಯಾಗಿರಲಿಲ್ಲ. ಬೆಳಿಗ್ಗೆ ಮೀನಿಗೆಂದು ದೂರ ಹಾರಿ ಸಂಜೆ ಗೂಡಿಗೆ ಮರಳುವ ಹಕ್ಕಿಗಳು, ನೆಲಕ್ಕೆ ತಾಗಿ ತಿರುಗುವ ಅಲೆಗಳು, ದ್ವೀಪದ ತಲೆಯ ಮೇಲೆ ನಿಲ್ಲುವ ಮೋಡ, ಇವೆಲ್ಲ ಸೇರಿ ದ್ವೀಪವನ್ನು ಅವರ ಕಣ್ಣಿಗೆ ಹಲವು ಪಟ್ಟು ದೊಡ್ಡದು ಮಾಡುತ್ತಿದ್ದವು. 1976ರಲ್ಲಿ ಸತವಾಲ್ ದ್ವೀಪದ ಮಾವು ಪಿಯಾಇಲುಗ್ ಯಾವ ಉಪಕರಣವೂ ಇಲ್ಲದೆ ಹೊಕುಲೆಆ ಎಂಬ ದೋಣಿಯನ್ನು ಹವಾಯಿಯಿಂದ ತಾಹಿತಿಗೆ ನಡೆಸಿ ಈ ವಿದ್ಯೆ ಬರೀ ಕಥೆಯಲ್ಲವೆಂದು ತೋರಿಸಿದ. ವಿಮಾನದ ವೇಗಕ್ಕೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಹಡಗಿಗೆ ನೆರವಾದ ಹಕ್ಕಿಯೇ ವಿಮಾನಕ್ಕೆ ಕಂಟಕ.

ಇಯರ್‌ಹಾರ್ಟ್ ಬರಲಿಲ್ಲ. ಹುಡುಗರು ಅಲ್ಲೇ ಉಳಿದರು. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೆ, ಹದಿನಾಲ್ಕು ಜಪಾನಿ ಬಾಂಬರುಗಳು ಆ ರನ್‌ವೇ ಮೇಲೆ ಬಾಂಬು ಸುರಿದವು. ರಿಚರ್ಡ್ ವೇಲಿ ಮತ್ತು ಜೋಸೆಫ್ ಕೆಲಿಇಹನನುಇ ಎಂಬ ಇಬ್ಬರು ಸತ್ತರು. ಉಳಿದ ಇಬ್ಬರು ಗೆಳೆಯರನ್ನು ಮಣ್ಣುಮಾಡಿ, ಕರೆದೊಯ್ಯುವವರಿಗಾಗಿ ಕಾದರು. ಹೆಲ್ಮ್ ಎಂಬ ನೌಕೆ ಬಂದದ್ದು 1942ರ ಜನವರಿ 31ಕ್ಕೆ. ಒಬ್ಬ ಪ್ರಸಿದ್ಧೆಯನ್ನು ಹುಡುಕಲು ಅಂದೇ ಹೊರಟ ನೌಕಾಪಡೆಗೆ ಈ ಇಬ್ಬರ ಬಳಿ ಬರಲು ಏಳು ವಾರಕ್ಕೂ ಹೆಚ್ಚು ಹಿಡಿಯಿತು. ಯುದ್ಧಕಾಲ, ನಿಜ. ಆದರೂ ಲೆಕ್ಕ ಲೆಕ್ಕವೇ. ಸತ್ತ ಇಬ್ಬರ ಅವಶೇಷಗಳನ್ನು ಹವಾಯಿಗೆ ತಂದದ್ದು 1954ರಲ್ಲಿ.

2020ರಲ್ಲಿ ಬಂದ ಸಿಮ್ಯುಲೇಟರ್ ಉಪಗ್ರಹದ ಚಿತ್ರಗಳಿಂದ ಇಡೀ ಭೂಮಿಯನ್ನೇ ಹರಡಿ ಇಡುತ್ತದೆ. ಪರದೆಯ ಮೇಲೆ ದಾರಿ ತಪ್ಪುವುದೇ ಕಷ್ಟ; ಅಕ್ಷಾಂಶ-ರೇಖಾಂಶ ಸದಾ ಕಣ್ಣಮುಂದೆ. ಪೆಟ್ರೋಲು ಮುಗಿದರೆ ತುಂಬಿಸಬಹುದು. ಭಯವಾದರೆ ನಿಲ್ಲಿಸಿ ಕಾಫಿ ಕಾಸಿಕೊಳ್ಳಬಹುದು. ಜಿಪಿಎಸ್ ಆರಿಸಿ, ಗಡಿಯಾರ ಮತ್ತು ದಿಕ್ಸೂಚಿ ಹಿಡಿದು ಹಾರಿದಾಗಷ್ಟೇ ನೂನನ್‌ನ ಕಷ್ಟದ ಒಂದು ತೊಟ್ಟು ನಾಲಿಗೆಗೆ ಹತ್ತುತ್ತದೆ. ಮೋಡದ ನೆರಳುಗಳೆಲ್ಲ ದ್ವೀಪಗಳಂತೆ ಕಾಣತೊಡಗುತ್ತವೆ. ಲಿಂಕ್‌ನ ತಿದಿಪೆಟ್ಟಿಗೆಯಂತೆ ಇದೂ ಆಟದ ವೇಷದ ಗುರುವೇ. ಅದು ಇಯರ್‌ಹಾರ್ಟಳ ಆಸನದಲ್ಲಿ ನಮ್ಮನ್ನು ಕೂರಿಸುತ್ತದೆ. ಕಮಕಾಇವಿಯ ಪಕ್ಕದಲ್ಲಿ ನಿಲ್ಲಿಸುವುದಿಲ್ಲ. ಅದಕ್ಕೆ ಓದೇ ಬೇಕು.

ಹೌಲ್ಯಾಂಡ್ ಈಗ ನಿರ್ಜನ. 1974ರಿಂದ ವನ್ಯಜೀವಿ ಧಾಮ. ಅನುಮತಿಯಿಲ್ಲದೆ ಯಾರೂ ಇಳಿಯುವಂತಿಲ್ಲ. ಹುಡುಗರು ಓಡಿಸಿದ್ದ ಹಕ್ಕಿಗಳು ರನ್‌ವೇಯ ಜಾಗವನ್ನು ವಾಪಸು ಪಡೆದಿವೆ.