ವೀರ್ಯಾಣುವಿನ ಕಾರಣತ್ವನಿರ್ಣಯ

ಕಾರ್ಯದೊಡನೆ ಕಂಡುಬಂದ ವಸ್ತುವೆಲ್ಲವೂ ಕಾರಣವಾಗದೆಂಬುದು ನೈಯಾಯಿಕರ ಮತ. ಘಟೋತ್ಪತ್ತಿಕಾಲದಲ್ಲಿ ಕುಂಬಾರನ ಕತ್ತೆಯೂ ಸಮೀಪದಲ್ಲಿರಬಹುದು. ಆದರೂ ಅದು ಅನ್ಯಥಾಸಿದ್ಧವೇ ಹೊರತು ಘಟಕ್ಕೆ ಕಾರಣವಲ್ಲ. ಐರೋಪ್ಯ ಶಾರೀರಶಾಸ್ತ್ರದಲ್ಲಿ ಪುರುಷಬೀಜಶೋಧನೆಯ ಚರಿತ್ರೆಯನ್ನು ಈ ನ್ಯಾಯದಿಂದ ಪರಿಶೀಲಿಸುವುದು ಉಚಿತವಾಗಿ ತೋರುತ್ತದೆ. ಏಕೆಂದರೆ ವೀರ್ಯಾಣುವಿನ ದರ್ಶನಕ್ಕೂ ಅದರ ಕಾರಣತ್ವನಿರ್ಣಯಕ್ಕೂ ನಡುವೆ ಸುಮಾರು ಎರಡು ನೂರು ವರ್ಷಗಳು ಸಂದುವು.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆವ್ಯಾಪಾರಿ ಆಂಟೊನಿ ವಾನ್ ಲೇವೆನ್‌ಹುಕನು ೧೬೭೭ರಲ್ಲಿ, ಯೋಹಾನ್ ಹಾಮ್ ಎಂಬ ವಿದ್ಯಾರ್ಥಿಯ ಸೂಚನೆಯ ಮೇಲೆ, ಸೂಕ್ಷ್ಮದರ್ಶಕದಿಂದ ರೇತಸ್ಸನ್ನು ಪರೀಕ್ಷಿಸಿ, ಬಾಲವುಳ್ಳ ಅಸಂಖ್ಯ ಜೀವಿಗಳನ್ನು ಕಂಡನು. ಲಂಡನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ಈ ವಿಷಯವು ವಿದ್ವಾಂಸರಿಗೆ ಜುಗುಪ್ಸಾವಹವಾದರೆ ಪ್ರಕಟಿಸದಿರಬಹುದೆಂದೂ ಅರಿಕೆ ಮಾಡಿಕೊಂಡನು.

ಬಳಿಕ ವಿವಾದವು ಹುಟ್ಟಿತು. ಶಿಶುವೆಲ್ಲವೂ ಆ ಅಣುವಿನಲ್ಲಿಯೇ ಅಡಗಿದೆಯೆಂದು ಕೆಲವರ ಪಕ್ಷ. ೧೬೯೪ರಲ್ಲಿ ಹಾರ್ಟ್‌ಸೂಕರನು ಅದರ ತಲೆಯೊಳಗೆ ಮುದುಡಿ ಕುಳಿತ ಪುಟ್ಟ ಮನುಷ್ಯನ ಚಿತ್ರವನ್ನೂ ಬರೆದನು. ಅಂಡದಲ್ಲಿಯೇ ಸರ್ವವೂ ಇದೆ, ಅಣುಗಳು ರೇತಸ್ಸಿನಲ್ಲಿ ವಾಸಿಸುವ ಹುಳುಗಳು ಮಾತ್ರವೆಂದು ಮತ್ತೆ ಕೆಲವರ ಪಕ್ಷ. ಇವರ ಮತದಲ್ಲಿ ವೀರ್ಯಾಣುವು ಕುಂಬಾರನ ಕತ್ತೆಯೇ ಸರಿ.

ಇಟಲಿಯ ಸ್ಪಲ್ಲಾಂಜಾನಿಯು ೧೭೮೦ರ ಸುಮಾರಿಗೆ ಕಪ್ಪೆಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ಶೋಧಕಪತ್ರಗಳ ಮೂಲಕ ಸೋಸಿದ ರೇತಸ್ಸಿಗೆ ಗರ್ಭಾಧಾನಶಕ್ತಿಯು ಉಳಿಯಲಿಲ್ಲ. ಕಾಗದದ ಮೇಲೆ ನಿಂತ ಶೇಷಕ್ಕೆ ಆ ಶಕ್ತಿಯಿತ್ತು. ಇದು ಸಾಕ್ಷಾತ್ ಅನ್ವಯವ್ಯತಿರೇಕವೇ. ಆದರೆ ಅಣುಗಳಿಲ್ಲವೆಂದು ತಾನು ಭಾವಿಸಿದ ರೇತಸ್ಸೂ ಫಲಿಸಿದ್ದರಿಂದ ವ್ಯಭಿಚಾರದೋಷವನ್ನು ಶಂಕಿಸಿ, ದ್ರವವೇ ಕಾರಣವೆಂದು ಆತನು ನಿಂತನು. ಪ್ರಯೋಗವು ಸಾಧುವಾಗಿದ್ದರೂ ಪೂರ್ವಗ್ರಹವು ನಿಗಮನವನ್ನು ಕೆಡಿಸಿತು.

೧೮೨೪ರಲ್ಲಿ ಪ್ರೆವೋ ಮತ್ತು ಡ್ಯೂಮಾ ಎಂಬವರು ಸೋಸುವ ಪ್ರಯೋಗವನ್ನು ಮತ್ತೆ ಮಾಡಿ, ಅಣುಗಳೇ ಕಾರಣವೆಂದು ಸಾರಿದರು. ೧೮೪೧ರಲ್ಲಿ ಕೋಲಿಕರನು ಅವು ಪರೋಪಜೀವಿಗಳಲ್ಲ, ವೃಷಣದಲ್ಲಿ ಹುಟ್ಟುವ ದೇಹದ ಅಂಶಗಳೇ ಎಂದು ತೋರಿಸಿದನು. ೧೮೭೬ರಲ್ಲಿ ಜರ್ಮನಿಯ ಓಸ್ಕರ್ ಹೆರ್ಟ್ವಿಗನು, ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲ ಜೀವಿಯ ಅಂಡದಲ್ಲಿ ಇಬ್ಬರ ಬೀಜಕೇಂದ್ರಗಳೂ ಕೂಡುವುದನ್ನು ವಿವರಿಸಿದನು. ಇದರಿಂದ ಏಕಕಾರಣವಾದಗಳೆರಡೂ ಬಿದ್ದುಹೋದುವು. ಸ್ತ್ರೀಪುರುಷರಿಬ್ಬರೂ ಸಮಾನಕಾರಣರೆಂದು ಸಿದ್ಧವಾಯಿತು.

ಅಣುವಿನ ಸನ್ನಿಧಿಮಾತ್ರವೂ ಸಾಲದು. ಸ್ತನ್ಯಪ್ರಾಣಿಗಳಲ್ಲಿ ಅದು ಸ್ತ್ರೀಯ ಜನನಮಾರ್ಗದಲ್ಲಿ ಕೆಲಕಾಲವಿದ್ದ ಮೇಲೆಯೇ ಅಂಡಪ್ರವೇಶಕ್ಕೆ ಸಮರ್ಥವಾಗುವುದೆಂದು ೧೯೫೧ರಲ್ಲಿ ಚಾಂಗ್ ಮತ್ತು ಆಸ್ಟಿನ್ ಪ್ರತ್ಯೇಕವಾಗಿ ಕಂಡುಹಿಡಿದರು. ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಕೈಪಿಡಿಯು ಒಂದು ಮಿಲಿಲೀಟರಿಗೆ ೧೬೦ ಲಕ್ಷ ಅಣುಗಳನ್ನು ಕೆಳಗಿನ ಮಿತಿಯಾಗಿ ಹೇಳುತ್ತದೆ. ಸಂತಾನ ಪಡೆದ ಪುರುಷರಲ್ಲಿಯೂ ನೂರಕ್ಕೆ ಐವರು ಈ ಮಿತಿಗಿಂತ ಕೆಳಗಿರುವರಾದುದರಿಂದ, ಎಣಿಕೆಯೊಂದರಿಂದಲೇ ಬಂಧ್ಯತ್ವವನ್ನು ನಿಶ್ಚಯಿಸಲಾಗದು. ಚಲನೆ, ಆಕಾರಗಳನ್ನೂ ನೋಡಬೇಕು.

ಸಾಹಿತ್ಯಾಧ್ಯಾಪಕರು ಇಲ್ಲಿ ಒಂದು ಶಬ್ದವನ್ನು ಗಮನಿಸಬೇಕು. ವಂಧ್ಯಾಶಬ್ದದಿಂದ ಬಂದ 'ಬಂಜೆ'ಯೆಂಬ ಮಾತು ಹೆಂಗಸಿನ ಮೇಲೆ ನಿಂದೆಯಾಗಿ ನೆಲೆಗೊಂಡಿದೆ. ಪುರುಷನಿಗೆ ಅಷ್ಟೇ ರೂಢವಾದ ಪ್ರತಿಪದವಿಲ್ಲ. 'ಷಂಡ'ವೆಂಬುದು ಸಂಗಮದ ಅಶಕ್ತಿಯನ್ನು ಹೇಳುವುದೇ ಹೊರತು ಬೀಜದೋಷವನ್ನಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಮಕ್ಕಳಾಗದ ಹೆಂಡತಿಯಿರಲು ಎಂಟನೆಯ ವರ್ಷದಲ್ಲಿ ಮರುವಿವಾಹಕ್ಕೆ ಅನುಮತಿ ಕೊಡುತ್ತದೆ. ಆದರೆ ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಎಂಟು ಶುಕ್ರದೋಷಗಳು ಗಣಿತವಾಗಿವೆ. ದೋಷವು ಪುರುಷನಲ್ಲಿಯೂ ಇರಬಹುದೆಂದು ವೈದ್ಯರು ಬಲ್ಲವರಾಗಿದ್ದರು. ಲೋಕವ್ಯವಹಾರವು ಅವರ ಮಾತನ್ನು ಕೇಳಲಿಲ್ಲ. ಇಂದು ಸಂತಾನಹೀನತೆಯ ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಪುರುಷನ ಪಾಲೂ ಇರುವುದೆಂದು ತಜ್ಞರು ಒಪ್ಪುತ್ತಾರೆ. ಆದುದರಿಂದ ಇಬ್ಬರನ್ನೂ ಪರೀಕ್ಷಿಸದೆ ಒಬ್ಬಳ ಮೇಲೆ ದೋಷವನ್ನು ಹೊರಿಸುವುದು ಶಾಸ್ತ್ರಕ್ಕೂ ನ್ಯಾಯಕ್ಕೂ ವಿರುದ್ಧವೆಂದು ತಿಳಿಯತಕ್ಕದ್ದು.