ಹೆಗಲ ಹಿಂದಿನ ಹಿಡಿ

ಜಾನ್ ಡೆನ್ವರ್ ಹೆಸರು ಕೇಳಿರ್ತೀರಿ. ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಗಿಟಾರ್ ಹಿಡಿದವರೆಲ್ಲ ಒಮ್ಮೆಯಾದರೂ ಅವನ ಹಾಡನ್ನು ಹಾಳು ಮಾಡಿರುತ್ತೇವೆ :-) ಅವನು ವಿಮಾನ ಅಪಘಾತದಲ್ಲಿ ತೀರಿಕೊಂಡ ಅಂತ ಗೊತ್ತಿದ್ದವರಿಗೂ, ಅದು ಒಬ್ಬ ಹವ್ಯಾಸಿ ಸ್ವತಃ ಕಟ್ಟಿದ್ದ ವಿಮಾನ ಅನ್ನೋದು ಗೊತ್ತಿರಲಿಕ್ಕಿಲ್ಲ.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸಬಹುದು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದ್ದೇ ಆಗಿರಬೇಕು, ಅಷ್ಟೆ. ಇಂಥವಕ್ಕೆ 'ಎಕ್ಸ್‌ಪೆರಿಮೆಂಟಲ್' ಅಂತ ಹಣೆಪಟ್ಟಿ. ಡೆನ್ವರ್ ಕೊಂಡದ್ದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ಹಿಡಿ ರುಟಾನ್ ನಕ್ಷೆಯ ಪ್ರಕಾರ ಪೈಲಟ್‌ನ ಎರಡು ಕಾಲುಗಳ ನಡುವೆ ಇರಬೇಕು. ಆದರೆ ಕಟ್ಟಿದವನಿಗೆ ಕಾಕ್‌ಪಿಟ್‌ನೊಳಗೆ ಇಂಧನ ಬರುವುದು ಬೇಡವಾಗಿತ್ತು. ಹಿಡಿಯನ್ನು ಎಡ ಹೆಗಲ ಹಿಂದೆ ಕೂರಿಸಿದ!

1997ರ ಅಕ್ಟೋಬರ್ 12, ಕ್ಯಾಲಿಫೋರ್ನಿಯಾದ ಮಾಂಟೆರೆ. ಡೆನ್ವರ್ ಹೊಸಬನೇನಲ್ಲ, 2,700 ಗಂಟೆಗೂ ಹೆಚ್ಚು ಹಾರಾಟ ನಡೆಸಿದವನು. ಈ ವಿಮಾನದ ಪರಿಚಯ ಮಾತ್ರ ಹಿಂದಿನ ದಿನದ್ದು. ಇಂಧನದ ಮಟ್ಟ ತೋರಿಸುವ ಗಾಜೂ ಬೆನ್ನ ಹಿಂದೆ, ಅದರ ಮೇಲೆ ಗುರುತುಗಳೇ ಇಲ್ಲ. ನೋಡಲು ಅನುಕೂಲವಾಗಲಿ ಅಂತ ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟ. ಒಂದು ಗಂಟೆಯ ಹಾರಾಟ ತಾನೇ ಅಂತ ಡೆನ್ವರ್ ಇಂಧನ ತುಂಬಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ವಿಮಾನ ಸಮುದ್ರಕ್ಕೆ ಬಿತ್ತು.

ಹಿಡಿ ತಿರುಗಿಸಲು ಹಿಂದಕ್ಕೆ ಹೊರಳಿದಾಗ ಅವನ ಗಮನ ತಪ್ಪಿತು, ಅರಿವಿಲ್ಲದೆ ಬಲಗಾಲು ರಡ್ಡರ್ ಪೆಡಲ್ ಒತ್ತಿತು ಅಂತ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಇಂಧನದ ಲೆಕ್ಕ ಸರಿಯಾಗಿ ನೋಡದ್ದು, ಸಾಲದ ತರಬೇತಿ, ಹಿಡಿಯ ಜಾಗ... ಎಲ್ಲವೂ ಆ ವರದಿಯಲ್ಲಿವೆ.

ಅದೇ ಮಂಡಳಿ 2012ರಲ್ಲಿ ಇಂಥ ವಿಮಾನಗಳ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿನ ಸಣ್ಣ ಖಾಸಗಿ ವಿಮಾನಗಳಲ್ಲಿ ಇವುಗಳ ಪಾಲು ಸುಮಾರು 10%. ಆದರೆ 2011ರ ಅಪಘಾತಗಳಲ್ಲಿ ಪಾಲು ಸುಮಾರು 15%, ಸಾವು ಸಂಭವಿಸಿದ ಅಪಘಾತಗಳಲ್ಲಿ 21%! ಮನೆಯಲ್ಲಿ ಕಟ್ಟಿದ್ದು, ರೆಕ್ಕೆ ಕಳಚಿರಬೇಕು ಅಂತೀರಾ? ಅಲ್ಲ. ಅಂಥವು ಅಪರೂಪ. ಇಂಜಿನ್ ಕೈಕೊಟ್ಟದ್ದು, ನಿಯಂತ್ರಣ ತಪ್ಪಿದ್ದು, ಇವೇ ಹೆಚ್ಚು. ಆ ವರ್ಷ ಅಪಘಾತವಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಗಳು ಸೆಕೆಂಡ್ ಹ್ಯಾಂಡ್ ಕೊಂಡವು.

ನನಗೆ ಮುಖ್ಯ ಅನ್ನಿಸಿದ್ದು ಇದೇ. ಕಟ್ಟಿದವನಿಗೆ ಯಾವ ಹಿಡಿ ಎಲ್ಲಿದೆ, ಯಾಕಿದೆ ಎಲ್ಲಾ ಗೊತ್ತು. ವಿಮಾನ ಮಾರಿದಾಗ ಆ ತಿಳಿವಳಿಕೆ ಅದರ ಜೊತೆ ಹೋಗುವುದಿಲ್ಲ. ಕೆಲಸ ಬಿಟ್ಟುಹೋದವರ ಕೋಡ್ ತಲೆಗೆ ಕಟ್ಟಿಸಿಕೊಂಡ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ನಮಗಾದರೆ ರಾತ್ರಿ ನಿದ್ದೆ ಹೋಗುತ್ತೆ, ಅವರಿಗೆ ಜೀವವೇ ಹೋಗುತ್ತೆ.